ಹವಾಯಿ ಮೇಕೆಯ ಹೊಟ್ಟೆಯಲ್ಲಿದ್ದ ಉತ್ತರ

ಪುಣೆಯಿಂದ ಸೋಲಾಪುರ ಹೆದ್ದಾರಿ ಹಿಡಿದು ಕಲಬುರಗಿ ಕಡೆ ಹೋಗೋರು ಉರುಳಿ ಕಾಂಚನ್ ದಾಟಿರ್ತೀರಿ. ಮಣಿಭಾಯಿ ದೇಸಾಯಿಯವರ ಬೈಫ್ ಸಂಸ್ಥೆ 1967ರಲ್ಲಿ ಶುರುವಾದದ್ದು ಅಲ್ಲೇ. ಮೇವಿಗೆ ಸುಬಾಬುಲ್ ಬೆಳೆಸಿ ಅಂತ ರೈತರಿಗೆ ಹೇಳಿದವರಲ್ಲಿ ಅವರೂ ಪ್ರಮುಖರು.

ಈ ಸೊಪ್ಪಿನಲ್ಲಿ ಪ್ರೋಟೀನ್ ಜಾಸ್ತಿ. ಆದರೆ ಮಿಮೋಸಿನ್ ಅನ್ನೋ ವಿಷವೂ ಇದೆ. ದನದ ಹೊಟ್ಟೆಯ ದೊಡ್ಡ ಚೀಲಕ್ಕೆ ರೂಮೆನ್ ಅಂತಾರೆ. ಅಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸುವಾಗ ಮಿಮೋಸಿನ್ ಒಡೆದು ಡಿಎಚ್‌ಪಿ ಆಗುತ್ತೆ. ಅದು ಥೈರಾಯ್ಡ್ ಕೆಡಿಸುತ್ತೆ. ಆಸ್ಟ್ರೇಲಿಯಾದಲ್ಲಿ ಇದನ್ನೇ ಹೆಚ್ಚು ಮೇಯ್ದ ದನಗಳ ಕೂದಲು ಉದುರಿತು, ತೂಕ ಇಳಿಯಿತು. ಹವಾಯಿಯ ಮೇಕೆಗಳು ಮಾತ್ರ ಆರಾಮಾಗಿದ್ವು!

ಅವುಗಳ ರೂಮೆನ್‌ನಲ್ಲಿ ಡಿಎಚ್‌ಪಿಯನ್ನೂ ಒಡೆಯೋ ಜೀವಿ ಇರಬೇಕು ಅಂತ ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್ ಊಹಿಸಿದರು. 1980ರ ದಶಕದಲ್ಲಿ ಹವಾಯಿ ಮೇಕೆಗಳ ಆ ಜೀವಿಗಳನ್ನು ತಮ್ಮ ದೇಶದ ಪ್ರಾಣಿಗಳಿಗೆ ದಾಟಿಸಿದರು. ಹಾಲಿಗೆ ಹೆಪ್ಪು ಹಾಕ್ತೀವಲ್ಲ, ಹಾಗೆ. ವಿಷ ತಡೆಯೋ ಶಕ್ತಿ ಅವಕ್ಕೂ ಬಂತು. ಅಮೆರಿಕದ ಮಿಲ್ಟನ್ ಆಲಿಸನ್ ತಂಡ ಆ ಬ್ಯಾಕ್ಟೀರಿಯಾಗೆ 1992ರಲ್ಲಿ ಸಿನರ್ಜಿಸ್ಟಿಸ್ ಜೋನ್ಸಿ ಅಂತ ಹೆಸರಿಟ್ಟಿತು. ವಿಚಿತ್ರ ಅಂದ್ರೆ ಅದು ಸಕ್ಕರೆ ಮುಟ್ಟೋದಿಲ್ಲ, ಡಿಎಚ್‌ಪಿ ತಿಂದು ಬದುಕಬಲ್ಲದು.

ಜರ್ಸಿನೋ ಹಳ್ಳಿಕಾರ್ರೋ ಅಂತ ನಾವು ತಳಿ ಜಗಳ ಆಡ್ತೀವಿ. ಹೊಟ್ಟೆಯೊಳಗಿನ ಜೀವಿಗಳ ಊರು ಯಾವುದು ಅಂತ ಯಾರೂ ಕೇಳಲ್ಲ. ಕ್ವೀನ್ಸ್‌ಲ್ಯಾಂಡ್ ಸರ್ಕಾರ ಕೇಳಿತು. ಆ ಹೆಪ್ಪನ್ನು ಬೆಳೆಸಿ, ಫ್ರೀಜ್ ಮಾಡಿ, ದನ ಸಾಕೋರಿಗೆ ಮಾರತೊಡಗಿತು.