ಲೈಕ್ ನುಡಿಯುವ ಸಾಕ್ಷ್ಯ

ಅರಸನು ಕವಿಯನ್ನೋ ಕಲಿಯನ್ನೋ ಮೆಚ್ಚಿ ಉಂಬಳಿ ಕೊಟ್ಟನೆನ್ನುವಾಗಲೂ, ಅತ್ತೆ ಸೊಸೆಯ ಕೈಯಡುಗೆಯನ್ನು ಮೆಚ್ಚಿದಳೆನ್ನುವಾಗಲೂ, ಅನ್ಯಾಯವೆಸಗಿದವನನ್ನು ‘ದೇವರು ಮೆಚ್ಚುತ್ತಾನೆಯೇ?’ ಎಂದು ಹಿರಿಯರು ಗದರಿಸುವಾಗಲೂ, ಮೆಚ್ಚು ಎಂಬ ನಮ್ಮ ಹಳೆಯ ಧಾತುವಿನ ದೃಷ್ಟಿ ನೆಟ್ಟಿರುವುದು ಮೆಚ್ಚಿಗೆ ಪಡೆದುದರ ಗುಣದ ಮೇಲೆ. ಮೆಚ್ಚಿದವನ ಅಭಿರುಚಿಯನ್ನು ಅವನ ಮೆಚ್ಚುಗೆಯಿಂದಲೇ ಅಳೆಯುವ ವಾಡಿಕೆ ರಸಿಕರ ಗೋಷ್ಠಿಗಳಲ್ಲಿ ಉಂಟಾದರೂ, ಅಲ್ಲಿ ಅಳೆಯುವವನು ಎದುರಿಗೇ ಕುಳಿತಿರುತ್ತಾನೆ.

2009ರ ಫೆಬ್ರವರಿಯಲ್ಲಿ ಫೇಸ್‌ಬುಕ್ಕಿನಲ್ಲಿ ಹೆಬ್ಬೆರಳಿನ ಚಿಹ್ನೆಯೊಡನೆ ಕಾಣಿಸಿಕೊಂಡು, ಮರುವರ್ಷವೇ ಇತರ ಜಾಲತಾಣಗಳಿಗೂ ವ್ಯಾಪಿಸಿದ ‘ಲೈಕ್’, ಕನ್ನಡಕ್ಕೆ ಬಂದೊಡನೆ ಎಣಿಸಬಹುದಾದ ನಾಮಪದವಾಯಿತು: ಲೈಕ್ ಒತ್ತುತ್ತೇವೆ, ಕೊಡುತ್ತೇವೆ, ಎಷ್ಟು ಬಂದುವೆಂದು ವಿಚಾರಿಸುತ್ತೇವೆ. ಬಂಧುವಿನ ಮರಣವಾರ್ತೆಗೂ ಲೈಕ್ ಒತ್ತುವವನ ಅಭಿಪ್ರಾಯವು ‘ನೋಡಿದೆನು, ನೊಂದೆನು’ ಎಂಬಷ್ಟೇ ಆಗಿರುತ್ತದೆ. ಪ್ರೀತಿ, ದುಃಖ, ಕೋಪಗಳಿಗೆ ಪ್ರತ್ಯೇಕ ಚಿಹ್ನೆಗಳು 2016ರಲ್ಲಿ ಬಂದಮೇಲೆ ಸಾವಿಗೂ ‘ಮೆಚ್ಚುಗೆ’ ಒತ್ತಬೇಕಾದ ಸಂಕೋಚ ತಗ್ಗಿತಾದರೂ, ನಮ್ಮ ಮನೋಭಾವವು ಇನ್ನಷ್ಟು ಸ್ಫುಟವಾಗಿ ದಾಖಲಾಗುವುದಕ್ಕೂ ಅದೇ ಅನುಕೂಲವಾಯಿತು.

ಆ ದಾಖಲೆಯಿಂದ ಏನೇನು ತಿಳಿಯಬಹುದೆಂಬುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಮೈಕಲ್ ಕೊಸಿನ್ಸ್ಕಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ತಾವಾಗಿ ಮುಂದೆ ಬಂದ 58,000ಕ್ಕೂ ಹೆಚ್ಚು ಮಂದಿಯ ಲೈಕುಗಳನ್ನು ಪರಿಶೀಲಿಸಿ, ಪುರುಷರು ಸಲಿಂಗಾನುರಾಗಿಗಳೋ ಅಲ್ಲವೋ ಎಂಬುದನ್ನು ನೂರಕ್ಕೆ 88 ಸಂದರ್ಭಗಳಲ್ಲಿ ಅವರ ಗಣನೆ ಸರಿಯಾಗಿ ಬೇರ್ಪಡಿಸಿತು. ಸಲಿಂಗಾನುರಾಗಿಗಳಲ್ಲಿ ತಮ್ಮ ಒಲವನ್ನು ನೇರವಾಗಿ ಸೂಚಿಸುವ ಪುಟಗಳನ್ನು ಮೆಚ್ಚಿದ್ದವರಾದರೋ ನೂರಕ್ಕೆ ಐವರಿಗಿಂತ ಕಡಿಮೆ. ಸುರುಳಿಯಾಗಿ ಕರಿದ ಆಲೂಗೆಡ್ಡೆಯ ತಿನಿಸಿಗೆ ಒತ್ತಿದ ಲೈಕ್ ಉನ್ನತ ಬುದ್ಧಿಮತ್ತೆಯ ಸೂಚಕಗಳಲ್ಲಿ ಒಂದಾಗಿ ಹೊರಬಿದ್ದಿತು. ಆಲೂಗೆಡ್ಡೆಗೂ ಮೇಧಾಶಕ್ತಿಗೂ ನಂಟಿದೆಯೆಂದಲ್ಲ; ಮೆಚ್ಚುಗೆಗಳು ಸಮಾನಶೀಲರ ನಡುವೆ ಗುಂಪುಗೂಡಿ ಹರಡುವುವಾದುದರಿಂದ, ತಿನಿಸನ್ನು ಹೊಗಳಿದವನು ತಾನರಿಯದೆಯೇ ತನ್ನ ಬಳಗವನ್ನು ಹೇಳಿಬಿಡುತ್ತಾನೆ. ಮುಚ್ಚಿಟ್ಟುದನ್ನು ಹೀಗೆ ಮುಗ್ಧವಾದ ಮಾತಿನಿಂದ ಹೊರಗೆಳೆಯುವುದು ನನಗೆ ಕಳವಳಕಾರಿಯಾಗಿ ತೋರುತ್ತದೆ. ಸುಮಾರು 300 ಲೈಕುಗಳು ದೊರೆತರೆ ಒಬ್ಬನ ಸ್ವಭಾವವನ್ನು ಗಣಕವು ಬಾಳಸಂಗಾತಿಗಿಂತಲೂ ಸರಿಯಾಗಿ ಅಂದಾಜುಮಾಡಬಲ್ಲುದೆಂದು ಕೊಸಿನ್ಸ್ಕಿಯವರನ್ನೊಳಗೊಂಡ ತಂಡ 2015ರಲ್ಲಿ ವಾದಿಸಿತು.

ಇಂಥ ಅಂದಾಜನ್ನು ರಾಜಕೀಯ ಪ್ರಚಾರಕ್ಕೆ ಬಳಸಹೊರಟ ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆಯ ಪ್ರಕರಣದಲ್ಲಿ ಸಂಶೋಧಕರೊಬ್ಬರ ವ್ಯಕ್ತಿತ್ವ ಪರೀಕ್ಷೆಯ ಆ್ಯಪನ್ನು ಭಾರತದಲ್ಲಿ ಸ್ವೀಕರಿಸಿದವರು 335 ಮಂದಿ. ಅವರ ಸ್ನೇಹಿತರೆಂಬ ಒಂದೇ ಕಾರಣದಿಂದ ಮಾಹಿತಿ ಸೋರಿರಬಹುದಾದವರು 5,62,120 ಮಂದಿಯೆಂದು ಫೇಸ್‌ಬುಕ್ಕೇ 2018ರಲ್ಲಿ ತಿಳಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದುದು ಅದರ ಹಿಂದಿನ ವರ್ಷದಲ್ಲಿಯೇ. ನಾವಾಗಿ ಒಪ್ಪಿಸಿದ ವಿವರಗಳಿಗೆ ಮಾತ್ರವಲ್ಲದೆ, ನಾವು ಬಾಯಿಬಿಡದಿದ್ದರೂ ನಮ್ಮ ಮೆಚ್ಚುಗೆಗಳಿಂದ ಅನುಮಾನಪ್ರಮಾಣವಾಗಿ ಕಟ್ಟಿದ ವಿವರಗಳಿಗೂ ಆ ಹಕ್ಕು ನಿಸ್ಸಂದಿಗ್ಧವಾಗಿ ಅನ್ವಯಿಸತಕ್ಕದ್ದೆಂಬುದು ನನ್ನ ಆಗ್ರಹ.