'ಅಜಾಯಿಬ್' ಎಂಬ ಪದದ ಅರ್ಥ ಮತ್ತು ಪ್ರಯೋಗ

ಮಧ್ಯಯುಗದ ಅರಬ್ಬೀ ಗ್ರಂಥಗಳನ್ನು ಇತಿಹಾಸದ ಆಕರಗಳಾಗಿ ಬಳಸುವವರಿಗೆ 'ಅಜಾಯಿಬ್' ಎಂಬ ಪದವು ಪದೇ ಪದೇ ಎದುರಾಗುತ್ತದೆ. ವಿಸ್ಮಯಕರವಾದ ವಸ್ತುಗಳು ಎಂಬುದು ಇದರ ಸಾಮಾನ್ಯಾರ್ಥ. ಹತ್ತನೆಯ ಶತಮಾನದ 'ಅಜಾಯಿಬ್ ಅಲ್-ಹಿಂದ್' ಮೊದಲಾದ ಕೃತಿಗಳಲ್ಲಿ ನಾವಿಕರು ಹೇಳಿದ ಅದ್ಭುತ ವೃತ್ತಾಂತಗಳು ತುಂಬಿರುವುದರಿಂದ, ಈ ಪದ ಕಂಡೊಡನೆಯೇ ಮುಂದಿನದೆಲ್ಲವೂ ಕಟ್ಟುಕಥೆಯೆಂದು ಬದಿಗಿರಿಸುವುದುಂಟು. ಈ ರೂಢಿಯು ಸಮಂಜಸವಲ್ಲವೆಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲೆತ್ನಿಸುತ್ತೇವೆ.

ಪದದ ವಿವೇಚನೆಗೆ ಮುಖ್ಯವಾದ ಆಧಾರವು ಜಕಾರಿಯಾ ಅಲ್-ಕಜ್ವೀನಿಯ 'ಅಜಾಯಿಬ್ ಅಲ್-ಮಖ್ಲೂಕಾತ್ ವ ಘರಾಯಿಬ್ ಅಲ್-ಮೌಜೂದಾತ್' ಎಂಬ ಗ್ರಂಥ. ಇರಾಕಿನ ವಾಸಿತ್ ನಗರದಲ್ಲಿ ನ್ಯಾಯಾಧಿಪತಿಯಾಗಿದ್ದ ಈತನು 1283ರಲ್ಲಿ ತೀರಿಕೊಂಡನು. ಗ್ರಂಥದ ಪೀಠಿಕೆಯಲ್ಲಿ ಈತನು ಎರಡು ಪದಗಳನ್ನು ಬೇರ್ಪಡಿಸುತ್ತಾನೆ. ಒಂದು ವಸ್ತುವಿನ ಕಾರಣವನ್ನು ತಿಳಿಯಲಾರದಾಗ ಮನಸ್ಸಿಗೆ ಉಂಟಾಗುವ ದಿಗ್ಭ್ರಮೆಯೇ 'ಅಜಬ್'. ವಾಡಿಕೆಗೂ ನಿತ್ಯದ ಅನುಭವಕ್ಕೂ ಹೊರತಾದ ವಿರಳ ಸಂಗತಿಯೇ 'ಘರೀಬ್'. ಮೊದಲನೆಯದಕ್ಕೆ ಆತನು ಕೊಡುವ ದೃಷ್ಟಾಂತ ಜೇನುಗೂಡು. ಅದನ್ನು ಹೊಸದಾಗಿ ನೋಡಿದವನು, ಅಳತೆಗೋಲಿಲ್ಲದೆ ಹುಳುವೊಂದು ಸಮವಾದ ಷಟ್ಕೋನಗಳನ್ನು ರಚಿಸಿದ ಬಗೆಯನ್ನರಿಯದೆ ಬೆರಗಾಗುತ್ತಾನೆ. ದಿನವೂ ಕಂಡವನಿಗೆ ಆ ಬೆರಗು ಉಳಿಯುವುದಿಲ್ಲ. ಆದುದರಿಂದ 'ಅಜಾಯಿಬ್' ಎಂಬುದು ಸುಳ್ಳಿನ ಪರ್ಯಾಯಪದವಲ್ಲ; ನೋಡುವವನ ಅರಿವಿನ ಮೇರೆಯನ್ನು ಸೂಚಿಸುವ ಪದ.

ಇದರ ಪ್ರಯೋಜನವು ನಮ್ಮ ಕರಾವಳಿಯ ಚರಿತ್ರೆಯಲ್ಲಿಯೇ ಕಂಡುಬರುತ್ತದೆ. ಇಬ್ನ್ ಬತೂತನ ಪ್ರವಾಸಗ್ರಂಥದ ಪೂರ್ಣನಾಮದಲ್ಲಿ 'ಅಜಾಯಿಬ್', 'ಘರಾಯಿಬ್' ಎಂಬ ಎರಡು ಪದಗಳೂ ಇವೆ. ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದ ಆತನು, ಆ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡುದಾಗಿಯೂ, ಅಂತಹುದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಹೇಳುತ್ತಾನೆ. ಕಜ್ವೀನಿಯ ಲಕ್ಷಣದಂತೆ ಇದು 'ಘರೀಬ್'. ಇಲ್ಲಿ ರಾಕ್ಷಸರಿಲ್ಲ, ದೈತ್ಯಮತ್ಸ್ಯಗಳಿಲ್ಲ. ಎಣಿಸಿ ಬರೆದ ಶಾಲೆಗಳಿವೆ. ಅದ್ಭುತಗಳ ಗ್ರಂಥವೆಂದು ಇದನ್ನು ತಳ್ಳಿಹಾಕಿದರೆ ಹೊನ್ನಾವರದ ಸ್ತ್ರೀಶಿಕ್ಷಣದ ಅಮೂಲ್ಯವಾದ ಸಾಕ್ಷ್ಯವು ಕೈತಪ್ಪುತ್ತದೆ. ಪ್ರವಾಸಿಯು ದೂರದ ನಾಡುಗಳನ್ನು ಸುತ್ತಿ ಬಂದವನಾದುದರಿಂದ ಆತನ ಅಚ್ಚರಿಗೆ ತೂಕವೂ ಹೆಚ್ಚು. ಊರಿನವರಿಗಾದರೋ ಅದು ನಿತ್ಯದ ಸಂಗತಿ. ನಿತ್ಯದ ಸಂಗತಿಯನ್ನು ಬರೆದಿಡುವವರು ವಿರಳ.

ಪಾರಸೀ ಹಾಗೂ ಹಿಂದೂಸ್ತಾನಿಗಳ ಮೂಲಕ ಇದೇ ಪದವು 'ಅಜಾಯಿಬ್ ಘರ್' ಎಂದು ವಸ್ತುಸಂಗ್ರಹಾಲಯಕ್ಕೆ ಸಂದಿತು; ಲಾಹೋರಿನ ಸಂಗ್ರಹಾಲಯವು ಜನರ ಬಾಯಲ್ಲಿ ಈ ಹೆಸರಿನಿಂದಲೇ ಪ್ರಸಿದ್ಧವಾಯಿತು. ಬೆರಗಿಗೆ ಎಡೆಯಾದ ವಸ್ತುವೇ ಅಲ್ಲಿ ಅಧ್ಯಯನದ ವಸ್ತುವಾದುದನ್ನು ಗಮನಿಸಬೇಕು. ಆಕರಗ್ರಂಥಗಳ ವಿಷಯದಲ್ಲಿಯೂ ಇದೇ ನ್ಯಾಯ. ಬೆರಗನ್ನು ಕಂಡಲ್ಲಿ ಪುಟ ಮಗುಚದೆ, ಬೆರಗಾದವನು ಯಾರು, ಆತನಿಗೆ ವಾಡಿಕೆಯಾಗಿದ್ದುದೇನು ಎಂಬುದನ್ನು ಮೊದಲು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.