ಗಾಲಿಗೆ ಮೆತ್ತಿದ ಕಪ್ಪು

ಕಟ್ಟಾಯದಿಂದ ಹೊರಟ ಕಾರು ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ಕುಕ್ಕೆಯಲ್ಲಿ ಪೂಜೆ ಮುಗಿಸಿಕೊಂಡು ಮರಳಿತೆನ್ನಿ. ಅದರ ಮೈಮೇಲೆ ಎರಡು ಬಗೆಯ ಕೊಳೆ ಇರುತ್ತದೆ. ಒಂದು ನಮ್ಮದೇ ಕೆಂಪು ಮಣ್ಣು. ನೀರು ಬಿದ್ದ ಕೂಡಲೇ ಕರಗಿ ಇಳಿದುಹೋಗುತ್ತದೆ. ಇನ್ನೊಂದು ಮುಂದಿನ ಗಾಲಿಗಳಿಗೆ ಮೆತ್ತಿದ ಕಪ್ಪು. ಅದಕ್ಕೆ ಪ್ರೆಶರ್ ನೀರು ಹೊಡೆಯಿರಿ, ಶಾಂಪೂ ಹಾಕಿ ಉಜ್ಜಿ, ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಈ ಕಪ್ಪನ್ನು ತೆಗೆಯುವ ವಿದ್ಯೆ ಮುಂದುವರಿದದ್ದು ತೋಳಿನ ಬಲದಿಂದಲ್ಲ, ಅಂಟಿರುವುದು ಏನು ಎಂಬ ತಿಳಿವಳಿಕೆಯಿಂದ.

ಡ್ರಮ್ಮಿನೊಳಗಿನ ಧೂಳು

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಈ ತೊಂದರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಕಾರುಗಳದು ಡ್ರಮ್ ಬ್ರೇಕು. ಲೈನರ್ ಸವೆದ ಪುಡಿಯಲ್ಲಿ ಹೆಚ್ಚಿನದು ಡ್ರಮ್ಮಿನೊಳಗೇ ಉಳಿಯುತ್ತಿತ್ತು. ಮೆಕ್ಯಾನಿಕ್ ಡ್ರಮ್ ಬಿಚ್ಚಿ, ಗಾಳಿ ಪೈಪು ಹಿಡಿದು ಊದಿದರೆ ಕೆಲಸ ಮುಗಿಯಿತು. ಆದರೆ ಆ ಪುಡಿಯಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದು ಬ್ರೇಕಿಗೆ ಬಂದ ಕಥೆ ಹೀಗೆ: ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲಿ ಬ್ರೇಕ್ ಲೈನಿಂಗ್ ಕೆಲಸಕ್ಕೆ ಕೈಹಾಕಿದ. ಗುಡ್ಡ ಇಳಿಯುವ ಕುದುರೆಗಾಡಿಯವರು ಬ್ರೇಕಿಗೆ ಹಳೆಯ ಬೂಟಿನ ತೊಗಲು ಕಟ್ಟುವುದನ್ನು ಕಂಡು ಅವನಿಗೆ ಈ ಯೋಚನೆ ಬಂತೆಂದು ಹೇಳುತ್ತಾರೆ. ಅವನ ಫೆರೋಡೊ ಕಂಪನಿ ಮುಂದೆ ಆಸ್ಬೆಸ್ಟಾಸ್‌ಗೆ ಬಂತು. ಅದು ಕಾವು ತಡೆಯುತ್ತದೆ, ಅಗ್ಗ ಕೂಡ. ಆದರೆ ಅದರ ನಾರು ಶ್ವಾಸಕೋಶಕ್ಕೆ ಹೊಕ್ಕರೆ ಕ್ಯಾನ್ಸರ್ ತರಬಲ್ಲದು. ಯುರೋಪಿನ ಒಕ್ಕೂಟ 2005ರಿಂದ ಆಸ್ಬೆಸ್ಟಾಸ್‌ನ ಬಳಕೆಯನ್ನು ನಿಷೇಧಿಸಿತು. ಬ್ರೇಕ್ ಧೂಳನ್ನು ಒಣಗಿದ್ದಾಗ ಊದಬೇಡ, ಒದ್ದೆ ಮಾಡಿ ಒರೆಸು ಎಂಬ ನಿಯಮ ಗಾಲಿ ಹೊಳೆಯಲೆಂದು ಹುಟ್ಟಿದ್ದಲ್ಲ, ಮೆಕ್ಯಾನಿಕ್‌ನ ಎದೆಗೂಡಿಗಾಗಿ ಹುಟ್ಟಿದ್ದು.

ಹೊರಬಿದ್ದ ಕಬ್ಬಿಣ

ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಇಂಜಿನಿಯರ್ ಲ್ಯಾಂಚೆಸ್ಟರ್ ಪೇಟೆಂಟ್ ಪಡೆದದ್ದು 1902ರಲ್ಲೇ. ಆದರೆ 1953ರ ಲೆ ಮಾನ್ಸ್ ಕಾರು ಓಟವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ, 1955ರಲ್ಲಿ ಸಿತ್ರೋಎನ್ ಡಿಎಸ್ ಅದನ್ನು ಮನೆಮಂದಿಯ ಕಾರಿಗೆ ತಂದ ಮೇಲೆ ಅದು ಹಬ್ಬಿತು. ನಮ್ಮ ಸಣ್ಣ ಕಾರುಗಳ ಮುಂಗಾಲಿಗೆ ಅದು ಮಾಮೂಲಾದದ್ದು ಇನ್ನೂ ಎಷ್ಟೋ ವರ್ಷಗಳ ನಂತರ. ಡಿಸ್ಕ್ ತಣಿಯಲು ಗಾಳಿಗೆ ತೆರೆದಿರಬೇಕು. ಹಾಗಾಗಿ ಧೂಳೂ ಹೊರಗೆ ಹಾರುತ್ತದೆ. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ದುಡಿತ ಮುಂಗಾಲಿಯದು, ಹೆಚ್ಚಿನ ಕಪ್ಪೂ ಅಲ್ಲೇ. ಅದೇ ಹೊತ್ತಿಗೆ ಕಬ್ಬಿಣದ ಗಾಲಿಯ ಜಾಗಕ್ಕೆ ಹೊಳೆಯುವ ಅಲಾಯ್ ವೀಲ್ ಬಂತು, ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ.

ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದ ಮಸಿಯಷ್ಟೇ ಈ ಕಪ್ಪು ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಡಿಸ್ಕ್ ಎರಕದ ಕಬ್ಬಿಣದ್ದು. ಪ್ಯಾಡ್ ಜೊತೆ ಅದೂ ಸವೆಯುತ್ತದೆ. ಯುರೋಪಿನ ಕಾರುಗಳಲ್ಲಿ ಬಳಸುವ ಪ್ಯಾಡುಗಳು ಡಿಸ್ಕನ್ನು ಬಿಗಿಯಾಗಿ ಕಚ್ಚುವಂಥವು. ಜರ್ಮನ್ ಕಾರುಗಳ ಮುಂಗಾಲಿ ಬೇಗ ಕಪ್ಪಾಗುವುದು ಅದಕ್ಕೇ. ಸೆರಾಮಿಕ್ ಪ್ಯಾಡಿನ ಧೂಳು ಕಡಿಮೆ, ಬಣ್ಣವೂ ತಿಳಿ. ಕಾದ ಕಬ್ಬಿಣದ ಕಣ ಗಾಲಿಯ ವಾರ್ನಿಶ್‌ಗೆ ಕಚ್ಚಿಕೊಳ್ಳುತ್ತದೆ. ಮೇಲೆ ಸಕಲೇಶಪುರದ ಮಳೆ ಸುರಿದರೆ ತುಕ್ಕು ಹಿಡಿಯುತ್ತದೆ. ತುಕ್ಕಾದ ಕಬ್ಬಿಣ ಹಿಗ್ಗಿ, ಇದ್ದಲ್ಲೇ ಬೇರು ಬಿಡುತ್ತದೆ. ಸೋಪಿಗೆ ಅದು ಬಗ್ಗದಿರುವುದು ಇದರಿಂದ: ಸೋಪು ಜಿಡ್ಡಿಗೆ ಮದ್ದು, ತುಕ್ಕಿಗಲ್ಲ.

ಹುಳಿ, ಜೇಡಿ, ನೇರಳೆ

ಸೀಮೆಎಣ್ಣೆ, ಡೀಸೆಲ್ ಹಚ್ಚಿ ಒರೆಸುವ ರೂಢಿಯೂ ಗ್ರೀಸನ್ನಷ್ಟೇ ಬಿಡಿಸಿತು. ಪಾತ್ರೆ ಉಜ್ಜುವ ಸ್ಟೀಲ್ ನಾರು ಕಪ್ಪಿನ ಜೊತೆ ವಾರ್ನಿಶ್ಶನ್ನೂ ಕೆರೆಯಿತು. ಆಮೇಲೆ ಹುಳಿಯ ಸರದಿ. ಅಜ್ಜಿ ಹುಣಸೆಹಣ್ಣಿನಿಂದ ಹಿತ್ತಾಳೆ ಚೊಂಬು ಬೆಳಗುತ್ತಿದ್ದಳಲ್ಲ, ತತ್ತ್ವ ಅದೇ: ಆಮ್ಲ ಲೋಹದ ಮೇಲಿನ ಕಿಲುಬನ್ನು ಕರಗಿಸುತ್ತದೆ. ಆದರೆ ಹುಣಸೆ ಸೌಮ್ಯ. ಕಕ್ಕಸು ತೊಳೆಯುವ ಆಸಿಡ್ ಅಲಾಯ್ ವೀಲಿನ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ಕಾಸ್ಟಿಕ್ ಸೋಡಾ ಕೂಡ ಅಷ್ಟೇ. ಹೊರದೇಶದ ಕೆಲವು ವೀಲ್ ಕ್ಲೀನರುಗಳಲ್ಲಿ ಬಳಸುತ್ತಿದ್ದ ಹೈಡ್ರೋಫ್ಲೋರಿಕ್ ಆಮ್ಲವಂತೂ ಚರ್ಮ ದಾಟಿ ಎಲುಬಿನವರೆಗೆ ಇಳಿಯಬಲ್ಲದು. ಗಾಲಿ ಬೆಳಗಲು ಹೋಗಿ ಕೈ ಕಳೆದುಕೊಳ್ಳುವ ದಾರಿ ಅದು.

ಅಂಟಿದ ಕಬ್ಬಿಣಕ್ಕೆ ಬೇರೆಯೇ ಉತ್ತರ ಜಪಾನಿನಿಂದ ಬಂತು. ಉಜ್ಜುವ ಸಣ್ಣ ಪುಡಿ ಬೆರೆಸಿದ ಜೇಡಿಯಂಥ ಮುದ್ದೆಯನ್ನು ಒದ್ದೆ ಬಣ್ಣದ ಮೇಲೆ ಜಾರಿಸಿದರೆ, ಮೇಲೆ ಚಾಚಿದ ಕಬ್ಬಿಣದ ಕಣಗಳು ಅದಕ್ಕೆ ಅಂಟಿ ಬರುತ್ತವೆ. ಬಾನೆಟ್ಟಿಗೆ ಅದು ಲೇಸು, ಗಾಲಿಯ ಸಂದುಗೊಂದಿಗೆ ತ್ರಾಸ.

ನಿಜವಾದ ತಿರುವು ಸಿಕ್ಕಿದ್ದು ಬ್ಯೂಟಿ ಪಾರ್ಲರಿನ ರಸಾಯನದಲ್ಲಿ. ಕೂದಲು ಗುಂಗುರು ಮಾಡುವ ದ್ರಾವಣದಲ್ಲಿರುವ ಅಮೋನಿಯಂ ಥಯೋಗ್ಲೈಕೊಲೇಟ್ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಹಿಡಿದ ಗುರುತಿಗೆ ಬಣ್ಣವನ್ನೂ ತೋರಿಸುತ್ತದೆ: ನೇರಳೆ ಹಣ್ಣಿನ ರಸದಂತೆ ಕೆಂಪುನೇರಳೆ ಗಾಲಿಯುದ್ದಕ್ಕೂ ಇಳಿಯುತ್ತದೆ. ಕೊಳೆತ ಮೊಟ್ಟೆಯ ನಾತ ಇದ್ದೇ ಇದೆ, ಗಂಧಕದ ಕೊಡುಗೆ. ಇಂದು ಐರನ್ ರಿಮೂವರ್ ಎಂಬ ಹೆಸರಿನಲ್ಲಿ ಮಾರುವುದು ಇದನ್ನೇ. ಇವುಗಳಲ್ಲಿ ಹೆಚ್ಚಿನವು ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ಹಾಗಾಗಿ ಅಲಾಯ್‌ಗೆ ಪೆಟ್ಟಿಲ್ಲ. ಗಾಲಿ ತಣ್ಣಗಿರಬೇಕು, ನೆರಳಲ್ಲಿರಬೇಕು, ಒಣಗುವ ಮುನ್ನ ನೀರು ಹಾಯಿಸಬೇಕು, ಕೈಗೆ ಗ್ಲೌಸ್ ಇರಬೇಕು. ಉಜ್ಜುವ ಕೆಲಸ ಅರ್ಧಕ್ಕರ್ಧ ಇಳಿಯಿತು.

ಬುಡದಲ್ಲೇ ತಡೆ

ಆದರೆ ತೊಳೆದ ಕಪ್ಪು ಚರಂಡಿ ಹಿಡಿದು ಕೆರೆಗೆ ಹೋಗುತ್ತದೆ. ಪ್ಯಾಡಿನಿಂದ ಉದುರುವ ತಾಮ್ರ ನೀರಿನ ಜೀವಿಗಳಿಗೆ ವಿಷವೆಂದು ಕ್ಯಾಲಿಫೋರ್ನಿಯಾ 2010ರಲ್ಲೇ ಕಾನೂನು ಮಾಡಿ, ಪ್ಯಾಡಿನ ತಾಮ್ರವನ್ನು 2025ಕ್ಕೆ ಶೇಕಡಾ 0.5ಕ್ಕೆ ಇಳಿಸಲು ಗಡುವು ಕೊಟ್ಟಿತು. ಯುರೋಪಿನ ಯೂರೋ 7 ನಿಯಮ ಮೊದಲ ಬಾರಿಗೆ ಹೊಗೆಯ ಜೊತೆ ಬ್ರೇಕ್ ಧೂಳಿಗೂ ಮಿತಿ ಹಾಕಿದೆ: ಸಾಮಾನ್ಯ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಬ್ಯಾಟರಿ ಕಾರಿಗೆ 3. ಬ್ಯಾಟರಿ ಕಾರು ನಿಧಾನವಾಗುವಾಗ ಮೋಟಾರೇ ಹಿಡಿದೆಳೆದು ಕರೆಂಟು ಉತ್ಪಾದಿಸುವುದರಿಂದ ಪ್ಯಾಡಿಗೆ ಕೆಲಸ ಕಡಿಮೆ.

ಶಿರಾಡಿಯ ಲಾರಿ ಡ್ರೈವರುಗಳಿಗೆ ಬ್ರೇಕಿನ ಕೆಲಸ ತಗ್ಗಿಸುವ ಈ ಪಾಠ ಹಳೆಯದು. ಹತ್ತಿದ ಗೇರಿನಲ್ಲೇ ಇಳಿ, ಬ್ರೇಕನ್ನು ಕಾಯಿಸಬೇಡ ಎನ್ನುತ್ತಾರೆ ಅವರು. ಅವರ ಚಿಂತೆ ಗಾಲಿಯ ಹೊಳಪಲ್ಲ, ಜೀವ. ಆದರೂ ಎರಡನೇ ಗೇರಿನಲ್ಲಿ ಇಂಜಿನ್ನಿಗೆ ಭಾರ ಬಿಟ್ಟು ಇಳಿದು ಬಂದ ಕಾರಿನ ಗಾಲಿಯನ್ನು ಘಾಟಿಯ ಬುಡದ ಗುಂಡ್ಯದಲ್ಲಿ ಒಮ್ಮೆ ನೋಡಿ. ಅಲ್ಲಿ ಉಳಿದಿರುವುದು ಬಹುಪಾಲು ಕೆಂಪು ಮಣ್ಣೇ, ನೀರಿಗೆ ಹೋಗುವಂಥದ್ದು.